ಹಗ್ಗ ಹಿಡಿದವರು, ಕೈ ಚಾಚಿದವರು, ಸುಮ್ನೆ ನಿಂತವರು

ಹೋದ ಸಂಚಿಕೆಯ ಈ ಕಾನೂನು ಅಂಕಣದಲ್ಲಿ ಫುಟ್‌ಪಾತ್ ಮೇಲೆ ಗಾಡಿ ನಿಲ್ಲಿಸುವವರ ಬಗ್ಗೆ ಬರೆದಿದ್ದೆ. ಅದಾದ ಮೇಲೆ ಬಂದ ಪತ್ರಗಳಲ್ಲಿ ಗಾಡಿ ವಿಷಯ ಕಡಿಮೆ, ಮಂದಿ ವಿಷಯ ಜಾಸ್ತಿ. ಸಿಗ್ನಲ್ ಹತ್ತಿರ ನಿಂತು ದುಡ್ಡು ಕೇಳುವವರು, ರಸ್ತೆ ತಡೆದು ಹಬ್ಬದ ಪಟ್ಟಿ, ಅಂದರೆ ಚಂದಾ ಎತ್ತುವವರು, ಸರ್ಕಲ್‌ನಲ್ಲಿ ಗುಂಪು ಕಟ್ಟಿ ಹರಟುವವರು, ಧರಣಿ ಕೂರುವವರು. ಕೆಲವರಿಗೆ ಇವರ ಮೇಲೆ ಸಿಟ್ಟು. ಇನ್ನು ಕೆಲವರು ತಾವೇ ಹಾಗೆ ನಿಂತವರು, ಅವರಿಗೆ ಪೊಲೀಸರ ಭಯ. ಆದಷ್ಟು ಪ್ರಶ್ನೆಗಳಿಗೆ ಒಟ್ಟಿಗೆ ಉತ್ತರ ಕೊಡುತ್ತೇನೆ. ಹೆಸರು ಹಾಕಬೇಡಿ ಅಂತ ಬಹಳ ಜನ ಕೇಳಿದ್ದಾರೆ, ಹಾಗಾಗಿ ಊರು ಮಾತ್ರ.

ಪ್ರಶ್ನೆ: ಗಣಪತಿ ಹಬ್ಬ ಬಂತೆಂದರೆ ನಮ್ಮ ಕಡೆ ಹುಡುಗರು ರಸ್ತೆಗೆ ಅಡ್ಡ ಹಗ್ಗ ಹಿಡಿದು ಪಟ್ಟಿ ಎತ್ತುತ್ತಾರೆ. ಬೈಕು, ಆಟೊ, ಹಾಲಿನ ಗಾಡಿ ಯಾವುದನ್ನೂ ಬಿಡುವುದಿಲ್ಲ. ನೂರಾ ಒಂದು ಕೊಟ್ಟರೂ ‘ಇಷ್ಟೇನಾ ಕಾಕಾ’ ಅನ್ನುತ್ತಾರೆ. ದೇವರ ಕೆಲಸಕ್ಕೆ ಕೊಡಲು ನನಗೆ ಬೇಜಾರಿಲ್ಲ. ಆದರೆ ಹೀಗೆ ತಡೆದು ಕೇಳುವುದು ಕಾನೂನಿನಲ್ಲಿ ಸರಿಯಾ? ದೂರು ಕೊಟ್ಟರೆ ನಾಳೆ ಅದೇ ಗಲ್ಲಿಯಲ್ಲಿ ಬಾಳಬೇಕಲ್ಲ? (ಶಹಾಪುರ, ಬೆಳಗಾವಿ)

ಉತ್ತರ: ಸರಿ ಅಲ್ಲ. ಕೇಳಿದರೆ ತಪ್ಪಿಲ್ಲ, ತಡೆದರೆ ತಪ್ಪು. ಕೆಳಗಿನ ಬಹಳಷ್ಟು ಪ್ರಶ್ನೆಗಳಿಗೂ ಇದೇ ಮಾತು ಕೆಲಸಕ್ಕೆ ಬರುತ್ತದೆ, ಅದಕ್ಕೇ ಮೊದಲೇ ಹೇಳಿಬಿಟ್ಟೆ.

2024ರ ಜುಲೈ 1ರಿಂದ ಹಳೆಯ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ, ಅಂದರೆ ಬಿಎನ್‌ಎಸ್ ಬಂದಿದೆ. ಅದರ 126ನೇ ಕಲಂ ಪ್ರಕಾರ, ಹೋಗಲು ಹಕ್ಕಿರುವ ದಿಕ್ಕಿನಲ್ಲಿ ಹೋಗುವವರನ್ನು ಬೇಕಂತಲೇ ಅಡ್ಡಗಟ್ಟುವುದು ಅಪರಾಧ. ಒಂದು ತಿಂಗಳವರೆಗೆ ಸಾದಾ ಸಜೆ, ಇಲ್ಲವೇ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಸಾರ್ವಜನಿಕ ದಾರಿಗೆ ಅಡಚಣೆ ಮಾಡಿದರೆ 285ನೇ ಕಲಂ ಇದೆ. ಹಳೆಯ ಐಪಿಸಿಯಲ್ಲಿ ಇದೇ ತಪ್ಪಿಗೆ ಹೆಚ್ಚೆಂದರೆ 200 ರೂಪಾಯಿ ದಂಡ ಇತ್ತು, ಈಗ 5,000ದವರೆಗೆ ಹಾಕಬಹುದು. ‘ಕೊಡದಿದ್ದರೆ ಗಾಡಿ ಗಾಜು ಒಡೀತೀವಿ’ ಅಂತ ಯಾರಾದರೂ ಹೆದರಿಸಿ ದುಡ್ಡು ಕಿತ್ತುಕೊಂಡರೆ ಅದು ಪಟ್ಟಿ ಅಲ್ಲವೇ ಅಲ್ಲ, 308ನೇ ಕಲಂನ ಸುಲಿಗೆ. ಕೈಯಲ್ಲಿ ರಸೀದಿ ಪುಸ್ತಕ ಇದೆ ಅನ್ನುವುದರಿಂದ ಇದ್ಯಾವುದೂ ಬದಲಾಗುವುದಿಲ್ಲ.

ನನ್ನದೇ ಒಂದು ಕತೆ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ, ಹಬ್ಬಕ್ಕೆ ವಾರ ಇರುವಾಗ, ಸಂಜೆ ಏಳರ ಹೊತ್ತು, ಜಿಟಿಜಿಟಿ ಮಳೆ. ಬೆಳಗಾವಿ ಮಳೆ ಗೊತ್ತಲ್ಲ, ಜೋರಾಗಿ ಬರುವುದೂ ಇಲ್ಲ, ಬಿಡುವುದೂ ಇಲ್ಲ. ಸ್ಕೂಟರಿನಲ್ಲಿ ಬರುತ್ತಿದ್ದೆ. ಹಸಿರು ನೈಲಾನ್ ಹಗ್ಗ, ಕತ್ತಲಲ್ಲಿ ಹತ್ತು ಅಡಿ ಹತ್ತಿರ ಬರುವವರೆಗೂ ಕಾಣಲಿಲ್ಲ. ನಾನು ಬ್ರೇಕ್ ಹಿಡಿದೆ. ಆ ಕಡೆ ಇದ್ದ ಹುಡುಗ ಹೆದರಿ ಹಗ್ಗ ಬಿಟ್ಟ, ಈ ಕಡೆಯವನು ಬಿಡಲಿಲ್ಲ. ಸಡಿಲಾದ ಹಗ್ಗ ಹ್ಯಾಂಡಲ್‌ಗೆ ಸುತ್ತಿಕೊಂಡು ನಾನು ನೆಲಕ್ಕೆ. ಮೊಣಕೈ ಕಿತ್ತುಹೋಯಿತು. ಮೊದಲು ಓಡಿ ಬಂದು ಎಬ್ಬಿಸಿದವನು ಆ ಹಗ್ಗ ಬಿಡದ ಹುಡುಗನೇ. ಹನ್ನೆರಡು ವರ್ಷ ಇರಬಹುದು, ಚಡ್ಡಿ ಜೇಬಿನಲ್ಲಿ ಮಡಚಿದ ರಸೀದಿ ಪುಸ್ತಕ. ನೀರು ಕುಡಿಸಿ, ನನ್ನ ಕೈ ನೋಡಿ, ಬಹಳ ಗಂಭೀರವಾಗಿ ಹೇಳಿದ: ‘ಅಂಕಲ್, ನೀವು ಪಟ್ಟಿ ಕೊಡೋದು ಬ್ಯಾಡ ಬಿಡ್ರಿ.’ ನೋವಿನಲ್ಲೂ ನಗು ಬಂತು. ಗಣಪತಿ ಮಂಡಳ ಯಾವುದು ಅಂತ ಹೇಳುವುದಿಲ್ಲ, ಈಗ ಅವರು ಹಗ್ಗ ಹಿಡಿಯುವುದನ್ನು ಬಿಟ್ಟಿದ್ದಾರೆ.

ಅವತ್ತು ಬಿದ್ದವನು ನಾನು, ಮೊಣಕೈಗೆ ಮುಗಿಯಿತು. ಕುತ್ತಿಗೆಗೆ ಸಿಕ್ಕಿದ್ದರೆ? ನಿರ್ಲಕ್ಷ್ಯದಿಂದ ಬೇರೆಯವರ ಜೀವಕ್ಕೆ ಅಪಾಯ ತಂದರೆ ಅದಕ್ಕೆ 125ನೇ ಕಲಂ ಬೇರೆ ಇದೆ, ದೊಡ್ಡ ಗಾಯ ಆದರೆ ಮೂರು ವರ್ಷದವರೆಗೆ ಶಿಕ್ಷೆ. ಹಗ್ಗ ಹಿಡಿದವರು ಮಕ್ಕಳು, ಅವರನ್ನು ನಿಲ್ಲಿಸಿ ಪಕ್ಕದ ಚಹಾದಂಗಡಿಯಲ್ಲಿ ಕೂತವರು ದೊಡ್ಡವರು. ಪೊಲೀಸರು ಕೇಳುವುದು ಆ ದೊಡ್ಡವರನ್ನು, ಕೇಳಬೇಕಾದ್ದೂ ಅವರನ್ನೇ.

ಅದೇ ಗಲ್ಲಿಯಲ್ಲಿ ಬಾಳಬೇಕು ಅಂದಿರಿ. ನಿಜ. ಅದಕ್ಕೆ ಮೊದಲು ಠಾಣೆಗೆ ಹೋಗಬೇಡಿ, ಮಂಡಳದ ಹಿರಿಯರ ಹತ್ತಿರ ಹೋಗಿ. ಮಂಟಪ ಹಾಕಲು ಅವರು ಪೊಲೀಸ್, ಪಾಲಿಕೆ, ಹೆಸ್ಕಾಂ ಎಲ್ಲರ ಅನುಮತಿ ತಗೊಳ್ಳಬೇಕು. ರಸ್ತೆ ತಡೆದ ದೂರು ಬಂದರೆ ಆ ಅನುಮತಿಗೇ ತೊಂದರೆ ಅಂತ ಅವರಿಗೆ ಚೆನ್ನಾಗಿ ಗೊತ್ತು. ಮನೆ ಮನೆಗೆ ಬಂದು ರಸೀದಿ ಕೊಟ್ಟು ಕೇಳಿ, ನಾನು ಇನ್ನೂ ಜಾಸ್ತಿ ಕೊಡುತ್ತೇನೆ ಅಂತ ಹೇಳಿ ನೋಡಿ. ಹೆದರಿಸಿದ್ದರೆ ಮಾತ್ರ ಕಾಯಬೇಡಿ, 112ಕ್ಕೆ ಫೋನ್ ಮಾಡಿ.

ಹೋಳಿ ಹುಣ್ಣಿಮೆಗೆ ಹಲಗಿ ಬಾರಿಸಿ ದುಡ್ಡು ಕೇಳುವ ಹುಡುಗರಿಗೂ ಇದೇ ಉತ್ತರ. ಕುಳ್ಳು, ಕಟ್ಟಿಗೆ ಕದ್ದ ವಿಷಯ ಬೇಕಾದರೆ ಅವರವರಲ್ಲೇ ಮುಗಿಸಿಕೊಳ್ಳಲಿ.

ಪ್ರಶ್ನೆ: ಚನ್ನಮ್ಮ ಸರ್ಕಲ್‌ನಲ್ಲಿ ಸಿಗ್ನಲ್ ಬಿದ್ದ ಕೂಡಲೇ ಭಿಕ್ಷುಕರು ಕಾರಿನ ಗಾಜು ತಟ್ಟುತ್ತಾರೆ. ಭಿಕ್ಷೆ ಬೇಡುವುದು ಕರ್ನಾಟಕದಲ್ಲಿ ನಿಷೇಧ ಅಲ್ವಾ? ಮತ್ತೆ ಹೇಗೆ ನಿಂತಿರುತ್ತಾರೆ? ಭಿಕ್ಷೆ ಕೊಟ್ಟರೂ ಕೇಸು ಹಾಕುತ್ತಾರೆ ಅಂತ ವಾಟ್ಸಾಪ್‌ನಲ್ಲಿ ಬಂದಿದೆ, ನಿಜವಾ? (ಹಿಂದವಾಡಿ, ಬೆಳಗಾವಿ)

ಉತ್ತರ: ನಿಷೇಧ ಹೌದು. ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆ 1975ರಲ್ಲೇ ಬಂದಿದೆ. ಸುಮ್ನೆ ಕೈ ಚಾಚುವುದಷ್ಟೇ ಅಲ್ಲ, ಹಾಡುವುದು, ಕುಣಿಯುವುದು, ಭವಿಷ್ಯ ಹೇಳುವುದು, ಕಸರತ್ತು ತೋರಿಸುವುದು ಇಂಥ ನೆಪ ಹೇಳಿ ಬೇಡಿದರೂ ಅದು ಭಿಕ್ಷೆಯೇ. ಬೇಡುವವರನ್ನು ವಾರಂಟ್ ಇಲ್ಲದೆ ಹಿಡಿದು, ವಿಚಾರಣೆ ಮಾಡಿ, ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ ಇಡಬಹುದು. ಅಲ್ಲಿ ಇಡುವುದು ತಿಂಗಳ ಲೆಕ್ಕದಲ್ಲಲ್ಲ, ವರ್ಷದ ಲೆಕ್ಕದಲ್ಲಿ. ಜೇಬುಗಳ್ಳನಿಗೂ ಒಮ್ಮೊಮ್ಮೆ ಇಷ್ಟು ಆಗುವುದಿಲ್ಲ.

ಇದಕ್ಕೆ ದುಡ್ಡು ಎಲ್ಲಿಂದ? ನಿಮ್ಮಿಂದಲೇ. ಮನೆ ತೆರಿಗೆ ಕಟ್ಟಿದ ಚಲನ್ ತೆಗೆದು ನೋಡಿ. ಗ್ರಂಥಾಲಯ ಕರದ ಹತ್ತಿರ ‘ಭಿಕ್ಷುಕರ ಕರ’ ಅಂತ ಒಂದು ಸಾಲು ಇರುತ್ತದೆ. ಆಸ್ತಿ ತೆರಿಗೆಯ ಮೇಲೆ ನೂರಕ್ಕೆ ಮೂರು. ನಾಲ್ಕು ಸಾವಿರ ತೆರಿಗೆ ಇದ್ದರೆ ನೂರಾ ಇಪ್ಪತ್ತು ರೂಪಾಯಿ. ಅಂದರೆ ನೀವು ಗಾಜು ಏರಿಸಿಕೊಂಡು ಕೂತರೂ, ವರ್ಷಕ್ಕೊಮ್ಮೆ ಭಿಕ್ಷೆ ಕೊಟ್ಟೇ ಇರುತ್ತೀರಿ. ಆ ದುಡ್ಡಿನಿಂದ ಆ ಸಿಗ್ನಲ್‌ನಲ್ಲಿ ನಿಂತ ಮುದುಕಿಗೆ ಏನು ಸಿಕ್ಕಿತು ಅಂತ ಪಾಲಿಕೆಯಲ್ಲಿ ಕೇಳುವ ಹಕ್ಕು ನಿಮಗಿದೆ. ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ, ಹತ್ತು ರೂಪಾಯಿ ಶುಲ್ಕ. ಭಿಕ್ಷುಕರ ಬಗ್ಗೆ ಸಿಟ್ಟಾದವರು ಬಹಳ, ಈ ಅರ್ಜಿ ಹಾಕಿದವರು ನನಗೆ ಇನ್ನೂ ಸಿಕ್ಕಿಲ್ಲ.

ಕಾಯ್ದೆ ಇದ್ದೂ ಯಾಕೆ ನಿಂತಿರುತ್ತಾರೆ ಅಂದರೆ, ಹಿಡಿದು ಒಯ್ಯುವುದು ಸುಲಭ, ಆಮೇಲೆ ನೋಡಿಕೊಳ್ಳುವುದು ಕಷ್ಟ. 2010ರ ಆಗಸ್ಟ್‌ನಲ್ಲಿ ಬೆಂಗಳೂರಿನ ಭಿಕ್ಷುಕರ ಕಾಲೊನಿಯಲ್ಲಿ ಕೆಲವೇ ದಿನಗಳಲ್ಲಿ ಬಹಳ ಜನ ಸತ್ತಿದ್ದು ನೆನಪಿರಬಹುದು. ರಸ್ತೆಯಲ್ಲಿ ಬದುಕಿದ್ದವರು ‘ಪರಿಹಾರ’ ಕೇಂದ್ರದಲ್ಲಿ ಸತ್ತರು. ಅದನ್ನು ಓದಿದ ಮೇಲೆ ‘ಇವರನ್ನೆಲ್ಲ ಎತ್ತಿಕೊಂಡು ಹೋಗಿ’ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಕೋರ್ಟುಗಳಿಗೂ ಹೀಗೇ ಅನ್ನಿಸಿದೆ. ದಿಲ್ಲಿಯಲ್ಲಿ ಮುಂಬಯಿ ರಾಜ್ಯದ 1959ರ ಭಿಕ್ಷಾಟನೆ ಕಾಯ್ದೆ ಜಾರಿಯಲ್ಲಿತ್ತು. 2018ರ ಆಗಸ್ಟ್‌ನಲ್ಲಿ ದಿಲ್ಲಿ ಹೈಕೋರ್ಟ್, ಬಡತನವನ್ನೇ ಅಪರಾಧ ಮಾಡಬಾರದು ಅಂತ ಅದರ ಮುಖ್ಯ ಕಲಂಗಳನ್ನು ಹೊಡೆದುಹಾಕಿತು. ಅದು ದಿಲ್ಲಿಗೆ ಮಾತ್ರ, ನಮ್ಮ 1975ರ ಕಾಯ್ದೆ ಹಾಗೇ ಇದೆ. 2021ರಲ್ಲಿ ಕೊರೊನಾ ಸಮಯದಲ್ಲಿ ಸಿಗ್ನಲ್‌ಗಳಿಂದ ಭಿಕ್ಷುಕರನ್ನು ತೆಗೆಸಿ ಅಂತ ಸುಪ್ರೀಂ ಕೋರ್ಟಿಗೆ ಹೋದವರಿಗೂ ನಿರಾಸೆ ಆಯಿತು. ಬೇರೆ ದಾರಿ ಇಲ್ಲದೆ ಬೇಡುತ್ತಾರೆ, ಶ್ರೀಮಂತರ ಕಣ್ಣಿನಿಂದ ಇದನ್ನು ನೋಡುವುದಿಲ್ಲ ಎಂಬ ಅರ್ಥದ ಮಾತು ಹೇಳಿದ ಕೋರ್ಟ್, ಅವರಿಗೆ ಲಸಿಕೆ ಮತ್ತು ಪುನರ್ವಸತಿ ಬಗ್ಗೆ ಸರ್ಕಾರಗಳನ್ನು ಕೇಳಿತು.

ಇನ್ನು ನಿಮ್ಮ ವಾಟ್ಸಾಪ್. ಅದು ಮಧ್ಯಪ್ರದೇಶದ ಸುದ್ದಿ. ಇಂದೋರಿನಲ್ಲಿ ಭಿಕ್ಷೆ ಕೊಟ್ಟವರ ಮೇಲೂ ಕೇಸು ಅಂತ 2025ರ ಜನವರಿಯಿಂದ ಜಿಲ್ಲಾಡಳಿತ ಆದೇಶ ಮಾಡಿತ್ತು. ನಮ್ಮ 1975ರ ಕಾಯ್ದೆಯಲ್ಲಿ ಶಿಕ್ಷೆ ಬೇಡುವವರಿಗೆ, ಕೊಟ್ಟವರಿಗಲ್ಲ. ಕೊಡುವುದೇ ಆದರೆ ಸಿಗ್ನಲ್ ಹಸಿರಾಗುವ ಮುಂಚೆ ಕೊಡಿ. ಚಿಲ್ಲರೆ ಹುಡುಕುತ್ತ ಕೂತರೆ ಹಿಂದಿನವನ ಹಾರ್ನ್, ಆ ಮುದುಕಿ ಗಾಡಿಗಳ ನಡುವೆ. ಅಪಾಯ ಇರುವುದೇ ಅಲ್ಲಿ.

ಪ್ರಶ್ನೆ: ಚಿಕ್ಕ ಮಕ್ಕಳು ಪೆನ್ನು, ಬಲೂನು ಹಿಡಿದು ಗಾಡಿಗಳ ನಡುವೆ ಓಡುತ್ತವೆ. ಬೈದರೆ ಪಾಪ ಅನ್ನಿಸುತ್ತದೆ. ಏನು ಮಾಡಬೇಕು? (ನೆಹರೂ ನಗರ, ಬೆಳಗಾವಿ)

ಉತ್ತರ: ಬೈಯಬೇಡಿ. 1098ಕ್ಕೆ ಫೋನ್ ಮಾಡಿ, ಮಕ್ಕಳ ಸಹಾಯವಾಣಿ, ದುಡ್ಡು ಬೀಳುವುದಿಲ್ಲ. ಜಾಗ, ಹೊತ್ತು, ಮಗುವಿನ ಅಂದಾಜು ವಯಸ್ಸು ಹೇಳಿದರೆ ಸಾಕು. ಮಗು ಇಲ್ಲಿ ಅಪರಾಧಿ ಅಲ್ಲ. 2015ರ ಬಾಲನ್ಯಾಯ ಕಾಯ್ದೆಯ 76ನೇ ಕಲಂ ಪ್ರಕಾರ ಮಗುವನ್ನು ಭಿಕ್ಷೆಗೆ ಹಚ್ಚಿದವರಿಗೆ ಐದು ವರ್ಷದವರೆಗೆ ಜೈಲು ಮತ್ತು ಒಂದು ಲಕ್ಷ ದಂಡ. ಭಿಕ್ಷೆಗಾಗಿ ಮಗುವನ್ನು ಅಪಹರಿಸಿದವರಿಗೆ ಬಿಎನ್‌ಎಸ್ 139ರ ಪ್ರಕಾರ ಕನಿಷ್ಠ ಹತ್ತು ವರ್ಷ. ಮಗುವಿನ ಫೋಟೊ ತೆಗೆದು ಗ್ರೂಪಿಗೆ ಹಾಕುವುದು ಮಾತ್ರ ಬೇಡ.

ಪ್ರಶ್ನೆ: ನಮ್ಮ ಮನೆತನದಲ್ಲಿ ಎಲ್ಲಮ್ಮನ ಹರಕೆ ಇದೆ. ಹುಣ್ಣಿಮೆ ಮುಂಚೆ ಐದು ಮನೆ ಜೋಗ ಬೇಡುತ್ತೇವೆ. ಹೋದ ಸಲ ಬಸ್ ನಿಲ್ದಾಣದ ಹತ್ತಿರ ಒಬ್ಬರು ‘ಭಿಕ್ಷೆ ಬೇಡಿದರೆ ಹಿಡಿದುಕೊಂಡು ಹೋಗ್ತಾರೆ’ ಅಂತ ಅತ್ತೆಯನ್ನು ಹೆದರಿಸಿದರು. (ಸವದತ್ತಿ ತಾಲ್ಲೂಕು)

ಉತ್ತರ: ಅತ್ತೆಗೆ ಹೆದರಬೇಡಿ ಅಂತ ಹೇಳಿ. ಆ 1975ರ ಕಾಯ್ದೆ ಬರೆದವರಿಗೆ ಈ ನಾಡು ಗೊತ್ತಿತ್ತು. ಯಾರು ಭಿಕ್ಷುಕರು ಅಂತ ಹೇಳುವ ಕಲಂನಲ್ಲೇ, ಧರ್ಮ ಅಥವಾ ರೂಢಿ ಒಪ್ಪಿದ ಹರಕೆ ತೀರಿಸಲು, ಯಾರಿಗೂ ಉಪದ್ರವ ಆಗದಂತೆ ಬೇಡುವವರನ್ನು ಹೊರಗಿಟ್ಟಿದ್ದಾರೆ. ಓದಿಗಾಗಿ ಬೇಡುವ ವಿದ್ಯಾರ್ಥಿಯನ್ನೂ ಹೊರಗಿಟ್ಟಿದ್ದಾರೆ, ವಾರಾನ್ನದ ಕಾಲದ ನೆನಪು ಇರಬೇಕು. ಸಂಘ ಸಂಸ್ಥೆಗೆ ಅಂತ ಬೀದಿಯಲ್ಲಿ ದುಡ್ಡು ಎತ್ತುವವರಿಗೂ ವಿನಾಯಿತಿ ಇದೆ, ಆದರೆ ಅವರಿಗೆ ಲಿಖಿತ ಅನುಮತಿ ಬೇಕು. ಮೇಲೆ ಹೇಳಿದ ಹಗ್ಗದ ಮಂಡಳದವರು ಇದನ್ನು ಓದಿಕೊಳ್ಳಲಿ.

ಹಾಗಾಗಿ ಪಡ್ಲಿಗೆ ಬುಟ್ಟಿ ಹೊತ್ತು, ಚೌಡಿಕೆ ವಾದ್ಯ ಹಿಡಿದು ಮನೆ ಬಾಗಿಲಲ್ಲಿ ‘ಉಧೋ ಉಧೋ’ ಅಂದು ಜೋಗ ಬೇಡಿದರೆ ಯಾವ ಕಾಯ್ದೆಯೂ ಅಡ್ಡ ಬರುವುದಿಲ್ಲ. ಅದೇ ಪಡ್ಲಿಗೆ ಹೊತ್ತು ಹೆದ್ದಾರಿ ಮಧ್ಯೆ ಲಾರಿ ನಿಲ್ಲಿಸಿದರೆ ಆಗ ಅದು ದಾರಿಗೆ ಅಡಚಣೆ. ಇನ್ನೊಂದು ವಿಷಯ, ಹರಕೆ ಹೆಸರಿನಲ್ಲಿ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟುವುದು ಬೇರೆಯೇ ಮಾತು, 1982ರ ದೇವದಾಸಿ ಕಾಯ್ದೆ ಬಂದಾಗಿನಿಂದಲೇ ಅದು ಅಪರಾಧ. ನೀವು ಕೇಳಿದ್ದು ಅದಲ್ಲ ಅಂತ ಗೊತ್ತು, ಆದರೂ ಸವದತ್ತಿ ಅಂದ ಮೇಲೆ ಹೇಳದೆ ಇರಲಾಗಲಿಲ್ಲ.

ಪ್ರಶ್ನೆ: ಹಿರೇಬಾಗೇವಾಡಿ ಟೋಲ್ ಹತ್ತಿರ ಮಂಗಳಮುಖಿಯರು ಗಾಡಿ ಹತ್ತಿರ ಬಂದು ದುಡ್ಡು ಕೇಳುತ್ತಾರೆ. ಇವರಿಗೆ ಬೇರೆ ಕಾನೂನು ಇದೆಯಾ? (ಎಂ.ಕೆ. ಹುಬ್ಬಳ್ಳಿ)

ಉತ್ತರ: ಬೇರೆ ಕಾನೂನು ಮಾಡಲು ಹೋಗಿ ಕೈ ಸುಟ್ಟುಕೊಂಡಿದ್ದೂ ಇದೆ. ಕರ್ನಾಟಕ ಪೊಲೀಸ್ ಕಾಯ್ದೆಗೆ 2011ರಲ್ಲಿ 36ಎ ಅಂತ ಒಂದು ಕಲಂ ಸೇರಿಸಿ, ಇವರ ಮೇಲೆ ಕಣ್ಣಿಡುವ ಅಧಿಕಾರವನ್ನು ಪೊಲೀಸರಿಗೆ ಕೊಟ್ಟಿದ್ದರು. ಅಪರಾಧ ಮಾಡಲಿ ಬಿಡಲಿ, ಹುಟ್ಟು ನೋಡಿಯೇ ಅನುಮಾನ. ವಿಷಯ ಹೈಕೋರ್ಟಿಗೆ ಹೋಯಿತು, ಆಮೇಲೆ ಸರ್ಕಾರವೇ ತಿದ್ದುಪಡಿ ಮಾಡಿ ಆ ಗುರುತಿನ ಪದ ತೆಗೆಯಿತು. ಲಿಂಗತ್ವ ಅಲ್ಪಸಂಖ್ಯಾತರ 2019ರ ಕೇಂದ್ರ ಕಾಯ್ದೆಯ ಹಿಂದಿನ ಮಸೂದೆಯಲ್ಲೂ ಭಿಕ್ಷಾಟನೆ ಬಗ್ಗೆ ಒಂದು ಅಪರಾಧದ ಕಲಂ ಇತ್ತು, ವಿರೋಧ ಬಂದ ಮೇಲೆ ಅದನ್ನೂ ಬಿಟ್ಟರು.

ಈಗ ಎಲ್ಲರಿಗೂ ಒಂದೇ ಅಳತೆ. ಕೇಳಿದರು, ನೀವು ಕೊಟ್ಟಿರಿ ಅಥವಾ ಇಲ್ಲ ಅಂದಿರಿ, ಅಲ್ಲಿಗೆ ಮುಗಿಯಿತು. ದಾರಿ ಬಿಡದೆ, ಹೆದರಿಸಿ ತೆಗೆದುಕೊಂಡರೆ ಯಾರೇ ಮಾಡಿದರೂ ತಪ್ಪು. ಮೀಸೆ ಬಿಟ್ಟ ಮಂಡಳದವನು ಹೆದರಿಸಿದರೆ ‘ಹಬ್ಬ’, ಇವರು ಕೇಳಿದರೆ ‘ಕಾಟ’ ಅನ್ನುವುದು ನಮ್ಮ ಅಳತೆ, ಕಾನೂನಿನದ್ದಲ್ಲ.

ಪ್ರಶ್ನೆ: ಗಣಪತ ಗಲ್ಲಿಯಲ್ಲಿ ಬುಟ್ಟಿ ಇಟ್ಟುಕೊಂಡು ನಿಂಬೆಹಣ್ಣು, ಕೊತ್ತಂಬರಿ ಮಾರುತ್ತೇನೆ. ಎಬ್ಬಿಸಿದರೆ ಮುಂದಿನ ಸರ್ಕಲ್‌ಗೆ ಹೋಗುತ್ತೇನೆ, ಅಲ್ಲೂ ಎಬ್ಬಿಸುತ್ತಾರೆ. ನಾನು ಭಿಕ್ಷೆ ಬೇಡುತ್ತಿಲ್ಲವಲ್ಲ? (ಮಗಳ ಕೈಲಿ ಬರೆಸಿದ್ದು, ಬೆಳಗಾವಿ)

ಉತ್ತರ: ಅಕ್ಕಾ, ನಿಮಗೆ ಒಂದು ಕಾಯ್ದೆಯೇ ಇದೆ. 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆ. ಒಂದೇ ಕಡೆ ಕೂತು ಮಾರುವವರೂ, ಬುಟ್ಟಿ ಹೊತ್ತು ತಿರುಗುವವರೂ ಅದರಲ್ಲಿ ಬರುತ್ತಾರೆ. ಅದಕ್ಕೂ ಬಹಳ ಮುಂಚೆ, 1989ರಲ್ಲೇ ಸುಪ್ರೀಂ ಕೋರ್ಟ್ ಹೇಳಿತ್ತು: ಬೀದಿಯಲ್ಲಿ ವ್ಯಾಪಾರ ಮಾಡುವುದು ಹಕ್ಕು, ಆದರೆ ಇಂಥದೇ ಜಾಗ ಬೇಕು ಅನ್ನುವುದು ಹಕ್ಕಲ್ಲ.

ನೀವು ಮಾಡಬೇಕಾದ್ದು ಇಷ್ಟು. ಪಾಲಿಕೆಗೆ ಹೋಗಿ ಸಮೀಕ್ಷೆಯಲ್ಲಿ ನಿಮ್ಮ ಹೆಸರು ಇದೆಯಾ ನೋಡಿ. ಇಲ್ಲದಿದ್ದರೆ ಬರೆಸಿ. ವ್ಯಾಪಾರದ ಪ್ರಮಾಣಪತ್ರ ಮತ್ತು ಗುರುತಿನ ಚೀಟಿ ಕೇಳಿ, ಬಾಯಿಮಾತಲ್ಲಿ ಬೇಡ, ಅರ್ಜಿ ಕೊಟ್ಟು ಸೀಲ್ ಹಾಕಿಸಿಕೊಳ್ಳಿ. ಯಾವ ರಸ್ತೆಯಲ್ಲಿ ಮಾರಬಹುದು, ಎಲ್ಲಿ ಬಾರದು ಎಂದು ನೋಡಲು ಪಟ್ಟಣ ವ್ಯಾಪಾರ ಸಮಿತಿ ಇರಬೇಕು, ಅದರಲ್ಲಿ ನೂರಕ್ಕೆ ನಲವತ್ತಕ್ಕಿಂತ ಕಡಿಮೆ ಇಲ್ಲದಂತೆ ನಿಮ್ಮಂಥ ವ್ಯಾಪಾರಿಗಳೇ ಇರಬೇಕು. ಪ್ರಮಾಣಪತ್ರದ ಷರತ್ತಿನ ಪ್ರಕಾರ ಕೂತವರಿಗೆ ಪೊಲೀಸರಾಗಲಿ ಬೇರೆಯವರಾಗಲಿ ಕಾಟ ಕೊಡಬಾರದು ಅಂತ 27ನೇ ಕಲಂ ಇದೆ. ಪ್ರಮಾಣಪತ್ರ ಇಲ್ಲದಿದ್ದರೆ ಮಾತ್ರ ನಿಮ್ಮ ಕೈ ಸೋತಂತೆ. ಸಿಗ್ನಲ್ ನಡುವೆ ಬುಟ್ಟಿ ಹೊತ್ತು ಓಡಾಡುವುದು ಬೇಡ, ಅದನ್ನು ಯಾವ ಸಮಿತಿಯೂ ಒಪ್ಪುವುದಿಲ್ಲ. ಮಗಳ ಅಕ್ಷರ ಚೆನ್ನಾಗಿದೆ, ಅರ್ಜಿಯನ್ನೂ ಅವಳೇ ಬರೆಯಲಿ.

ಪ್ರಶ್ನೆ: ರಾತ್ರಿ ಊಟ ಆದ ಮೇಲೆ ನಾವು ಆರೇಳು ಗೆಳೆಯರು ಆರ್‌ಪಿಡಿ ಕ್ರಾಸ್ ಹತ್ತಿರ ನಿಂತು ಮಾತಾಡುತ್ತೇವೆ. ಒಬ್ಬ ಪೊಲೀಸ್ ಬಂದು ‘ಐದು ಮಂದಿಗಿಂತ ಜಾಸ್ತಿ ನಿಂತರೆ ಕೇಸು’ ಅಂದರು. ಹೌದಾ? (ಟಿಳಕವಾಡಿ, ಬೆಳಗಾವಿ)

ಉತ್ತರ: ಅರ್ಧ ಹೌದು. ಐದು ಅನ್ನುವ ಸಂಖ್ಯೆ ಬಂದಿದ್ದು ಅಕ್ರಮ ಕೂಟದ ಕಲಂನಿಂದ, ಈಗ ಅದು ಬಿಎನ್‌ಎಸ್ 189. ಆದರೆ ಐದು ಜನ ಇದ್ದ ಮಾತ್ರಕ್ಕೆ ಅಕ್ರಮ ಆಗುವುದಿಲ್ಲ. ಬಲ ತೋರಿಸಿ ಹೆದರಿಸುವುದು, ಅಪರಾಧ ಮಾಡುವುದು, ಇಂಥ ಉದ್ದೇಶ ಎಲ್ಲರಿಗೂ ಒಂದೇ ಇರಬೇಕು. ಕ್ರಿಕೆಟ್ ಜಗಳ ಅದರಲ್ಲಿ ಬರುವುದಿಲ್ಲ.

ನಿಷೇಧಾಜ್ಞೆ ಇದ್ದರೆ ಲೆಕ್ಕ ಬೇರೆ. ಜನ ಇನ್ನೂ 144 ಅನ್ನುತ್ತಾರೆ, ಈಗ ಅದು ಹೊಸ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಬಿಎನ್‌ಎಸ್‌ಎಸ್‌ನ 163ನೇ ಕಲಂ. ಆ ಆದೇಶ ಲಿಖಿತವಾಗಿರಬೇಕು, ಕಾರಣ ಬರೆದಿರಬೇಕು, ಎರಡು ತಿಂಗಳಿಗಿಂತ ಜಾಸ್ತಿ ನಡೆಯುವುದಿಲ್ಲ, ಸರ್ಕಾರ ಮುಂದುವರಿಸಿದರೆ ಮತ್ತೆ ಆರು ತಿಂಗಳವರೆಗೆ. ಬೆಳಗಾವಿ ನಗರದಲ್ಲಿ ಇದನ್ನು ಹೊರಡಿಸುವುದು ಪೊಲೀಸ್ ಕಮಿಷನರ್, ಹೊರಗಿನ ತಾಲ್ಲೂಕುಗಳಲ್ಲಿ ಜಿಲ್ಲಾಧಿಕಾರಿ ಅಥವಾ ಅವರ ಕೈಕೆಳಗಿನ ಮ್ಯಾಜಿಸ್ಟ್ರೇಟ್. ಚಳಿಗಾಲದ ಅಧಿವೇಶನದ ಹೊತ್ತಿಗೆ ಸುವರ್ಣಸೌಧದ ಸುತ್ತ ಇಂಥ ಆದೇಶ ಬರುವುದು ನಿಮಗೆ ಗೊತ್ತೇ ಇದೆ. ಆದೇಶ ಇದ್ದಾಗ ಮುರಿದರೆ ಬಿಎನ್‌ಎಸ್‌ನ 223ನೇ ಕಲಂ.

ಹತ್ತರ ಲೆಕ್ಕವೂ ಒಂದು ಬಂದಿತ್ತು. ಸರ್ಕಾರಿ ಮೈದಾನ, ರಸ್ತೆ, ಉದ್ಯಾನಗಳಲ್ಲಿ 10ಕ್ಕಿಂತ ಹೆಚ್ಚು ಜನ ಅನುಮತಿ ಇಲ್ಲದೆ ಸೇರಬಾರದು ಅಂತ 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರ ಆದೇಶ ಮಾಡಿತ್ತು. ಹತ್ತೇ ದಿನದಲ್ಲಿ, ಅಕ್ಟೋಬರ್ 28ಕ್ಕೆ, ನಮ್ಮ ಧಾರವಾಡ ಹೈಕೋರ್ಟ್ ಪೀಠ ಅದಕ್ಕೆ ಮಧ್ಯಂತರ ತಡೆ ಕೊಟ್ಟಿತು. ವಾಕಿಂಗ್ ಬಳಗದವರು ನಿಟ್ಟುಸಿರು ಬಿಟ್ಟರು.

ನಿಮಗೆ ಒಂದೇ ಸಲಹೆ. ಬೈಕುಗಳನ್ನು ಓಡಾಡುವ ದಾರಿಯಲ್ಲಿ ಅಡ್ಡ ನಿಲ್ಲಿಸಿ ಅದರ ಮೇಲೆ ಕೂರಬೇಡಿ. ಆಗ ಪೊಲೀಸರು ಹೇಳಿದ್ದು ಪೂರ್ತಿ ಹೌದಾಗುತ್ತದೆ.

ಪ್ರಶ್ನೆ: ಕಬ್ಬಿನ ದರಕ್ಕಾಗಿ ರಸ್ತೆ ತಡೆ ಮಾಡಿದರೆ ರೈತರ ಮೇಲೆ ಕೇಸು ಹಾಕುತ್ತಾರೆ. ಹೋರಾಟ ನಮ್ಮ ಹಕ್ಕಲ್ಲವಾ? (ಮೂಡಲಗಿ ತಾಲ್ಲೂಕು)

ಉತ್ತರ: ಹೋರಾಟ ಹಕ್ಕು. ರಸ್ತೆಯಲ್ಲಿ ಸಭೆ ಮಾಡುವುದನ್ನೂ ಸರ್ಕಾರ ಪೂರ್ತಿ ನಿಷೇಧಿಸುವಂತಿಲ್ಲ, ನಿಯಂತ್ರಿಸಬಹುದು ಅಷ್ಟೇ ಅಂತ ಸುಪ್ರೀಂ ಕೋರ್ಟ್ ಐದು ದಶಕದ ಹಿಂದೆಯೇ, ಅಹಮದಾಬಾದಿನ ಒಂದು ಪ್ರಕರಣದಲ್ಲಿ ಹೇಳಿದೆ. ಆದರೆ 2020ರ ಅಕ್ಟೋಬರ್‌ನಲ್ಲಿ, ದಿಲ್ಲಿಯ ಶಾಹೀನ್ ಬಾಗ್ ಧರಣಿಯ ಪ್ರಕರಣದಲ್ಲಿ ಅದೇ ಕೋರ್ಟ್, ಸಾರ್ವಜನಿಕ ರಸ್ತೆಯನ್ನು ಲೆಕ್ಕವಿಲ್ಲದಷ್ಟು ದಿನ ಹಿಡಿದಿಡುವಂತಿಲ್ಲ, ಗೊತ್ತುಮಾಡಿದ ಜಾಗದಲ್ಲೇ ಪ್ರತಿಭಟಿಸಬೇಕು ಅಂದಿದೆ. ಈ ಎರಡು ಮಾತುಗಳ ನಡುವೆ ಎಲ್ಲೋ ಒಂದು ಕಡೆ ನಿಮ್ಮ ಟ್ರ್ಯಾಕ್ಟರ್ ನಿಂತಿರುತ್ತದೆ.

2025ರ ನವೆಂಬರ್‌ನಲ್ಲಿ ನಿಮ್ಮದೇ ಗುರ್ಲಾಪುರ ಕ್ರಾಸ್‌ನಲ್ಲಿ ಕಬ್ಬು ಬೆಳೆಗಾರರು ಹಗಲು ರಾತ್ರಿ ಕೂತರು. ಟನ್‌ಗೆ 3,500 ಕೇಳಿದ್ದು, ಕೊನೆಗೆ 3,300ಕ್ಕೆ ಬಂದು ನಿಂತಿತು. ರಸ್ತೆಯಲ್ಲಿ ಕೂರದೆ ಇದ್ದಿದ್ದರೆ ಬೆಂಗಳೂರಿನವರೆಗೆ ಕೇಳಿಸುತ್ತಿತ್ತಾ? ನನಗೆ ಅನುಮಾನ. ಇದನ್ನು ಕಾನೂನು ಅಂಕಣದಲ್ಲಿ ಬರೆಯಬಾರದು, ಆದರೂ ಬರೆದೆ.

ಕೇಸು ಬಿದ್ದರೆ ಸಾಮಾನ್ಯವಾಗಿ 285, 126, 189 ಇಂಥವು. ರಾಷ್ಟ್ರೀಯ ಹೆದ್ದಾರಿಗೆ ಹಾನಿ ಮಾಡಿ ಓಡಾಡದಂತೆ ಮಾಡಿದರೆ ಹೆದ್ದಾರಿ ಕಾಯ್ದೆಯಲ್ಲಿ ಐದು ವರ್ಷದವರೆಗೆ ಶಿಕ್ಷೆ ಇದೆ, ಹಾಗಾಗಿ ಟೈರ್ ಸುಡುವುದು, ರಸ್ತೆ ಅಗೆಯುವುದು ಬೇಡವೇ ಬೇಡ. ಆಂಬುಲೆನ್ಸ್ ಬಿಡಿ. ‘ಮಂತ್ರಿಗಳು ಕೇಸು ವಾಪಸ್ ಅಂದರು’ ಅಂತ ಸಮನ್ಸ್ ಬಂದರೂ ಕೋರ್ಟಿಗೆ ಹೋಗದೆ ಕೂರಬೇಡಿ. ವಾಪಸ್ ತಗೊಳ್ಳುವುದು ಸರ್ಕಾರಿ ವಕೀಲರು, ಅದಕ್ಕೂ ಕೋರ್ಟಿನ ಒಪ್ಪಿಗೆ ಬೇಕು. ಅಲ್ಲಿಯವರೆಗೆ ತಾರೀಖು ತಾರೀಖೇ.

ಪ್ರಶ್ನೆ: ಮಗಳು ಅಮೆರಿಕದಲ್ಲಿ ಇದ್ದಾಳೆ. ಅಲ್ಲೂ ಸಿಗ್ನಲ್‌ನಲ್ಲಿ ರಟ್ಟಿನ ಬೋರ್ಡ್ ಹಿಡಿದು ದುಡ್ಡು ಕೇಳುವವರನ್ನು ನೋಡಿ ಆಶ್ಚರ್ಯ ಆಯಿತು. ಅಂಥ ದೇಶದಲ್ಲಿ ಕಾನೂನು ಇಲ್ಲವಾ? (ನಿವೃತ್ತ ಶಿಕ್ಷಕರು, ಗೋಕಾಕ)

ಉತ್ತರ: ಇದೆ ಸರ್, ಊರಿಗೊಂದು ಇದೆ. ಮತ್ತು ಕೋರ್ಟಿನಲ್ಲಿ ಬಿದ್ದೂ ಹೋಗುತ್ತವೆ. ಮೇನ್ ರಾಜ್ಯದ ಪೋರ್ಟ್‌ಲ್ಯಾಂಡ್ ಎಂಬ ಊರು 2013ರಲ್ಲಿ ಒಂದು ನಿಯಮ ಮಾಡಿತು: ರಸ್ತೆ ವಿಭಜಕದ ಮೇಲೆ ಯಾರೂ ನಿಲ್ಲಬಾರದು, ಕೂರಬಾರದು. ಭಿಕ್ಷೆ ಅನ್ನುವ ಪದ ಹಾಕಲಿಲ್ಲ, ಜಾಣತನ. ಆದರೆ ಅಲ್ಲೇ ಬೋರ್ಡ್ ಹಿಡಿದು ರಾಜಕೀಯ ಪ್ರತಿಭಟನೆ ಮಾಡುವವರಿಗೂ ಅದು ತಟ್ಟಿತು. ಕೆಳಗಿನ ಕೋರ್ಟ್ ಆ ನಿಯಮವನ್ನು ರದ್ದು ಮಾಡಿತು, 2015ರಲ್ಲಿ ಮೇಲ್ಮನವಿ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ವಾದ ಸರಳ. ಅಪಾಯ ಇರುವ ಕಿರಿದಾದ ವಿಭಜಕಗಳಿಗೆ ನಿಯಮ ಮಾಡಿ, ಇಡೀ ಊರಿನ ಎಲ್ಲ ವಿಭಜಕಗಳಿಂದ ಎಲ್ಲರ ಬಾಯಿ ಮುಚ್ಚಿಸಬೇಡಿ. ಅಲ್ಲಿ ದುಡ್ಡು ಕೇಳುವುದೂ ಮಾತಿನ ಸ್ವಾತಂತ್ರ್ಯದಲ್ಲೇ ಬರುತ್ತದೆ.

ಇನ್ನೊಂದು ತಮಾಷೆ ಇದೆ. ಅಲ್ಲಿ ಅಗ್ನಿಶಾಮಕ ದಳದವರೇ ತಮ್ಮ ದೊಡ್ಡ ರಬ್ಬರ್ ಬೂಟು ಕೈಯಲ್ಲಿ ಹಿಡಿದು ಚೌಕಗಳಲ್ಲಿ ನಿಂತು, ರೋಗಿಗಳ ನೆರವಿಗಾಗಿ ಕಾರಿನವರ ಹತ್ತಿರ ದುಡ್ಡು ಎತ್ತುತ್ತಾರೆ. ದಶಕಗಳ ರೂಢಿ. ಭಿಕ್ಷುಕರನ್ನು ತೆಗೆಯಲು ಮಾಡಿದ ನಿಯಮ ಆ ಬೂಟಿಗೂ ತಟ್ಟುತ್ತದೆ, ಬೂಟಿಗೆ ವಿನಾಯಿತಿ ಕೊಟ್ಟರೆ ಭೇದಭಾವ ಅಂತ ಕೇಸು. ನಮ್ಮ ಹಗ್ಗದ ಹುಡುಗರ ನೆನಪಾಯಿತು ನನಗೆ.

ಪ್ರಶ್ನೆ: ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಓಡಿ ಕಬ್ಬು ಜಗ್ಗುವುದು ಕಳ್ಳತನವಾ? (ಕಾಲೇಜು ಹುಡುಗ, ಅಥಣಿ)

ಉತ್ತರ: ಕಳ್ಳತನವೇ. ಐದು ಸಾವಿರಕ್ಕಿಂತ ಕಡಿಮೆ ಬೆಲೆಯ ಮಾಲು, ಮೊದಲ ಸಲ, ಮಾಲನ್ನೋ ಅದರ ಬೆಲೆಯನ್ನೋ ವಾಪಸ್ ಕೊಟ್ಟರೆ ಹೊಸ ಕಾನೂನಿನಲ್ಲಿ ಸಮುದಾಯ ಸೇವೆ ಶಿಕ್ಷೆ. ತಿಂದ ಕಬ್ಬನ್ನು ಹೇಗೆ ವಾಪಸ್ ಕೊಡುತ್ತೀಯೋ ಗೊತ್ತಿಲ್ಲ. ಕೇಸಿಗಿಂತ ಆ ಎರಡನೇ ಟ್ರೇಲರ್‌ನ ಗಾಲಿಗೆ ಹೆದರು ತಮ್ಮಾ, ಅದು ಡ್ರೈವರ್‌ಗೆ ಕಾಣುವುದೇ ಇಲ್ಲ. ಡಾಬಾ ಮುಂದೆ ಗಾಡಿ ನಿಂತಾಗ ಕೇಳು, ಒಂದು ಗಳ ಕೊಟ್ಟೇ ಕೊಡುತ್ತಾರೆ.

ಪ್ರಶ್ನೆ: ಕಿತ್ತೂರಿಗೆ ಹೋಗಲು ಹೆದ್ದಾರಿ ಪಕ್ಕ ನಿಂತು ಕೈ ಅಡ್ಡ ಮಾಡಿ ಲಿಫ್ಟ್ ಕೇಳುತ್ತೇನೆ. ಇದೂ ಅಪರಾಧ ಪಟ್ಟಿಯಲ್ಲಿ ಇದೆಯಾ? (ಬೆಳಗಾವಿ)

ಉತ್ತರ: ಇಲ್ಲ. ಅಮೆರಿಕದ ಬಹಳಷ್ಟು ರಾಜ್ಯಗಳಲ್ಲೂ ಗಾಡಿ ಓಡುವ ಡಾಂಬರಿನ ಮೇಲೆ ನಿಂತು ಲಿಫ್ಟ್ ಕೇಳಬಾರದು ಅಂತ ಇದೆ, ಪಕ್ಕದ ಮಣ್ಣಿನಲ್ಲಿ ನಿಂತರೆ ಪರವಾಗಿಲ್ಲ. ನೀವೂ ಬಿಳಿ ಗೆರೆಯ ಆಚೆ ನಿಲ್ಲಿ. ಲಿಫ್ಟ್ ಕೊಟ್ಟವರು ಬಾಡಿಗೆ ಕೇಳಿದರೆ ತಪ್ಪು ಅವರದ್ದು, ಬಿಳಿ ಬೋರ್ಡಿನ ಗಾಡಿಗೆ ಬಾಡಿಗೆ ಪರ್ಮಿಟ್ ಇರುವುದಿಲ್ಲ. ಸಂಜೆ ಆರರ ಮೇಲೆ ಬೇಡ. ಬಸ್ಸಿದೆ.